ಹೇಳಿಸುವ ಊರಿನಲ್ಲಿ ಕೆಲಸ ಹುಡುಕುವವರು

ಕೆಲಸವಿಲ್ಲದವರಿಗೆ ದಾರಿ ತೋರಿಸುವುದು ನನ್ನ ಕೆಲಸವಾಗಿತ್ತು. ಎಪ್ಪತ್ತರ ದಶಕದ ನಡುವಿನಿಂದ ಮುಂದಿನ ದಶಕ ಮುಗಿಯುವವರೆಗೂ ಚಾಮರಾಜಪೇಟೆಯ ಒಂದು ಹಳೆಯ ಮನೆಯಲ್ಲಿದ್ದ ಸರ್ಕಾರಿ ಕಚೇರಿಯಲ್ಲಿ ಕೂತು, ಓದು ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಎಲ್ಲಿ ಹೋಗಬೇಕು, ಯಾರನ್ನು ಕಾಣಬೇಕು, ಏನು ಮಾತಾಡಬೇಕು ಎಂದು ಹೇಳುತ್ತಿದ್ದೆ. ಈಗ ಅದೇ ಬಗೆಯ ಕೆಲಸಕ್ಕೆ ಸೇರಿರುವ ಕೆಲವು ಎಳೆಯರು ಮನೆಗೆ ಬಂದು, "ಆಗೆಲ್ಲ ಹೇಗೆ ಮಾಡ್ತಿದ್ರಿ ಸಾರ್?" ಎಂದು ಕೇಳುತ್ತಾರೆ. ಹೇಳುತ್ತೇನೆ. ಅವರು ಹೋದ ಮೇಲೆ ಅನುಮಾನ ಶುರುವಾಗುತ್ತದೆ. ನಾನು ಹೇಳಿದ್ದು ನಡೆದದ್ದೋ, ಹೇಳಿ ಹೇಳಿ ನುಣುಪಾದದ್ದೋ?

ಆ ಮನೆಯ ಕಿಟಕಿಗಳಿಗೆ ಹಳೆಯ ಕಾಲದ ಗಾಜು ಕೂಡಿಸಿದ್ದರು. ಗಾಜು ಸಮನಾಗಿರಲಿಲ್ಲ. ಹೊರಗೆ ಜಟಕಾ ಹೋದರೆ ಒಂದು ಚೌಕದಲ್ಲಿ ಕುದುರೆಯ ಕಾಲು ಉದ್ದವಾಗುತ್ತಿತ್ತು, ಮುಂದಿನ ಚೌಕದಲ್ಲಿ ಕುದುರೆ ಕರಗಿ ಬರೀ ಕೆಂಪು ಜೂಲು ಉಳಿಯುತ್ತಿತ್ತು. ಮಧ್ಯಾಹ್ನದ ಹೊತ್ತು ಅದನ್ನೇ ನೋಡುತ್ತ ನಾನು ಎಷ್ಟೋ ಸಲ ಎದುರಿಗೆ ಕೂತವರ ಮಾತನ್ನು ಕೇಳಿಸಿಕೊಳ್ಳದೆ ಹೋಗಿದ್ದೇನೆ. ನನ್ನ ನೆನಪಿನ ಬಗ್ಗೆ ಇದಕ್ಕಿಂತ ಹೆಚ್ಚಿನ ಭರವಸೆ ಕೊಡಲಾರೆ.

ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ ಸೇರಿದವನು ನಾನು. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ಹೇಳಬಹುದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಕಚೇರಿಯಲ್ಲಿ ಅದಕ್ಕೆಂದೇ ಒಂದು ಪೆಟ್ಟಿಗೆ ಇತ್ತು. ಅದರೊಳಗಿನ ಮರದ ತುಂಡುಗಳನ್ನು ಜೋಡಿಸಿ ಒಂದು ಆಕಾರ ಮಾಡಬೇಕು. ಬೇಗ ಮಾಡಿದವರಿಗೆ ಯಂತ್ರದ ಕೆಲಸ, ಮಾಡಲಾಗದವರಿಗೆ ಗುಮಾಸ್ತಿಕೆ. ಒಂದು ಬೇಸಿಗೆಯಲ್ಲಿ ಬಂದವರೆಲ್ಲ ಗುಮಾಸ್ತಿಕೆಗೇ ಯೋಗ್ಯರು ಎಂದು ಫಲಿತಾಂಶ ಬರತೊಡಗಿತು. ಬೆಂಗಳೂರಿನ ಯುವಕರ ಕೈಚಳಕ ಕುಸಿಯುತ್ತಿದೆ ಎಂದು ನಾನು ಗಂಭೀರವಾದ ಟಿಪ್ಪಣಿಯನ್ನೂ ಬರೆಯಲು ಕೂತಿದ್ದೆ. ಬರೆಯುವಾಗ ಮೇಜು ಅಲುಗಾಡಲಿಲ್ಲ. ಸದಾ ಅಲುಗಾಡುವ ಮೇಜು! ಬಗ್ಗಿ ನೋಡಿದರೆ, ನಮ್ಮ ಜವಾನ ಕೆಂಪಣ್ಣ ಪೆಟ್ಟಿಗೆಯ ಒಂದು ತುಂಡನ್ನು ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದ.

"ಅಷ್ಟೊಂದು ಇತ್ತಲ್ಲ ಸಾರ್, ಒಂದು ತಗೊಂಡ್ರೆ ಏನಾಗುತ್ತೆ ಅಂತ," ಎಂದ.

ನಮ್ಮ ಮೇಲಧಿಕಾರಿ ನಂಜುಂಡಯ್ಯನವರು ಆ ದಿನ ನಕ್ಕ ನಗು ಎದುರಿನ ಹೋಟೆಲಿಗೂ ಕೇಳಿಸಿರಬೇಕು. "ಏನ್ರೀ ಎಂ.ಎ., ನಿಮ್ಮ ಸೈನ್ಸು ನಿಮ್ಮ ಮೇಜಿನ ಕೆಳಗೇ ಇತ್ತಲ್ಲಾ!"

ನಂಜುಂಡಯ್ಯನವರು ಬಸವನಗುಡಿಯವರು. ಮುಂಜಾನೆ ಲಾಲ್‌ಬಾಗಿನ ಬಂಡೆ ಹತ್ತಿ ಇಳಿದು, ಗಾಂಧಿ ಬಜಾರಿನಲ್ಲಿ ಕಾಫಿ ಕುಡಿದು, ಕೋಟು ಹಾಕಿಕೊಂಡು ಕಚೇರಿಗೆ ನಡೆದೇ ಬರುತ್ತಿದ್ದರು. ಆ ದಾರಿಯಲ್ಲಿ ಅವರಿಗೆ ನಮಸ್ಕಾರ ಹೇಳದವರು ಕಡಿಮೆ. ಅವರ ವಿಧಾನ ಒಂದೇ: ಹೇಳಿಸುವುದು. ಯಾರಿಂದಲಾದರೂ ಯಾರಿಗಾದರೂ ಒಂದು ಮಾತು ಹೇಳಿಸುವುದು. ಅದರಲ್ಲಿ ಲಂಚವಿಲ್ಲ, ದಬ್ಬಾಳಿಕೆಯಿಲ್ಲ. ಸಂಗೀತ ಕಚೇರಿಯ ಮಧ್ಯದಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, "ನಮ್ಮ ಹುಡುಗ ಒಬ್ಬ ಇದಾನೆ, ಸ್ವಲ್ಪ ನೋಡಿ" ಎಂಬ ಮಾತು ಅಷ್ಟೆ.

"ನೋಡ್ರೀ, ಈ ಊರಲ್ಲಿ ಕೆಲಸ ಖಾಲಿ ಇದೆ ಅಂತ ಪೇಪರಲ್ಲಿ ಬರೋ ಹೊತ್ತಿಗೆ ಆ ಕುರ್ಚಿ ಬೆಚ್ಚಗಾಗಿರುತ್ತೆ," ಎನ್ನುತ್ತಿದ್ದರು.

ಅದು ಸುಳ್ಳಲ್ಲ ಎಂದು ನನಗೆ ಬೇಗ ತಿಳಿಯಿತು. ಆದರೆ ಆ ಮಾತು ತಿರುಗುವುದು ಅವರವರ ಜಾತಿಯ ಹಾಸ್ಟೆಲಿನಲ್ಲಿ, ಅವರವರ ಬೀದಿಯಲ್ಲಿ, ತಾತಂದಿರ ಪರಿಚಯದಲ್ಲಿ. ತಾತ ಯಾರನ್ನೂ ಬಲ್ಲವನಾಗಿರದಿದ್ದರೆ? ಸಿಟಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಮಗ ಬಿ.ಕಾಂ. ಮಾಡಿ ಬಂದರೆ, ಅವನಿಗಾಗಿ ಯಾರು ಯಾರಿಗೆ ಹೇಳಬೇಕು?

ಅಂಥವರಿಗೆಂದು ಶನಿವಾರ ಮಧ್ಯಾಹ್ನ ಕಚೇರಿಯ ಹಿತ್ತಲಿನ ಹೊಂಗೆಮರದ ಕೆಳಗೆ ಒಂದು ಕೂಟ ಶುರುವಾಯಿತು. ಆ ಯೋಚನೆ ನನ್ನದು ಎಂದು ಬಹಳ ವರ್ಷ ನಂಬಿದ್ದೆ. ಈಗ ಯೋಚಿಸಿದರೆ, ನಂಜುಂಡಯ್ಯನವರು ತಮಾಷೆಗೆ ಆಡಿದ ಯಾವುದೋ ಮಾತಿನಿಂದ ಹುಟ್ಟಿದ್ದಿರಬಹುದು. ಅದಕ್ಕೆ 'ಸೋತವರ ಸಂಘ' ಎಂದು ಹೆಸರಿಟ್ಟವರಂತೂ ಅವರೇ. ನಿಯಮ ಒಂದೇ ಇತ್ತು: ಆ ವಾರ ನಿಮ್ಮನ್ನು ಎಲ್ಲಿ ಬೇಡ ಎಂದರು, ಯಾಕೆ ಬೇಡ ಎಂದರು ಎಂದು ಎಲ್ಲರೆದುರು ಹೇಳಬೇಕು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತವನು ಪೈಪೋಟಿಯವನು ಎಂಬ ಭಯ. ಒಂದು ಶನಿವಾರ ಒಬ್ಬ ಹುಡುಗ, ಔಷಧಿ ಕಂಪನಿಯವರು ತನಗೆ ಸ್ಕೂಟರ್ ಬರುವುದಿಲ್ಲವೆಂದು ಕಳಿಸಿಬಿಟ್ಟರು ಎಂದು ಗೊಣಗಿದ. ಇನ್ನೊಬ್ಬನಿಗೆ ಸ್ಕೂಟರ್ ಬರುತ್ತಿತ್ತು. ಸೋಮವಾರ ಅವನು ಹೋದ, ಸೇರಿಕೊಂಡ. ಅಲ್ಲಿಂದ ಬಾಯಿಗಳು ತೆರೆದವು. ಹೊಂಗೆಯ ಹೂವು ಉದುರುವ ಕಾಲದಲ್ಲಿ ಅವರ ತಲೆ, ಭುಜ, ಸರ್ಟಿಫಿಕೇಟಿನ ಫೈಲುಗಳ ಮೇಲೆಲ್ಲ ತಿಳಿ ನೇರಳೆ ಬಣ್ಣ ಬಿದ್ದಿರುತ್ತಿತ್ತು. ಯಾರೂ ಕೊಡವಿಕೊಳ್ಳುತ್ತಿರಲಿಲ್ಲ. ನಿದ್ದೆಯಲ್ಲಿ ಮಾತಾಡುವವರಂತೆ ಮೆಲ್ಲಗೆ ಒಬ್ಬೊಬ್ಬರು ತಾವು ಸೋತ ಕಥೆ ಹೇಳುತ್ತಿದ್ದರು.

ವಿಮಲಾ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಬೇಸಿಗೆಯ ಆರಂಭದಲ್ಲಿ. ಅವಳ ಕೈಯಲ್ಲಿ ಒದ್ದೆ ಕೊಡೆ ಇದ್ದಂತೆ ನೆನಪು. ಬೇಸಿಗೆಯಲ್ಲಿ ಒದ್ದೆ ಕೊಡೆ ಎಲ್ಲಿಂದ ಬರಬೇಕು? ಅದು ಬೇರೆ ಯಾರದೋ ಕೊಡೆ ಇರಬೇಕು. ಐ.ಟಿ.ಐ.ನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿತಿದ್ದಳು. ತನ್ನ ನಕ್ಷೆಗಳನ್ನು ಸುರುಳಿ ಸುತ್ತಿ, ಅಪ್ಪನ ಹಳೆಯ ಪಂಚೆಯಲ್ಲಿ ಕಟ್ಟಿ ತಂದಿದ್ದಳು.

"ಅಪ್ಲಿಕೇಶನ್ ಹಾಕಿ ಹಾಕಿ ಸಾಕಾಯ್ತು ಸಾರ್. ಪೋಸ್ಟ್‌ಮ್ಯಾನ್‌ಗೂ ಬೇಜಾರಾಗಿದೆ. 'ಏನೂ ಇಲ್ಲಮ್ಮ' ಅಂತ ಅವನೇ ದೂರದಿಂದ ಕೂಗ್ಬಿಡ್ತಾನೆ."

ಶ್ರೀರಾಮಪುರದಲ್ಲಿ ಮನೆ. ತಂದೆ ವೆಂಕಟಸ್ವಾಮಿ ಕೆಲಸ ಮಾಡುತ್ತಿದ್ದ ಗಿರಣಿ ಬಾಗಿಲು ಹಾಕುವುದರಲ್ಲಿತ್ತು. ತಮ್ಮ ಹೈಸ್ಕೂಲಿನಲ್ಲಿದ್ದ. ಸ್ಕೂಲು ಶುರುವಾಗುವಷ್ಟರಲ್ಲಿ ನಕ್ಷೆಯ ಕೆಲಸ ಸಿಗದಿದ್ದರೆ ಅವಳನ್ನು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

"ಗಾರ್ಮೆಂಟ್ಸ್‌ನಲ್ಲಿ ದುಡೀತಾ ಇದೂ ಹುಡುಕಬಹುದಲ್ಲಮ್ಮ," ಎಂದೆ.

"ಅಲ್ಲಿಗೆ ಹೋದೋರು ಯಾರೂ ವಾಪಸ್ ಬಂದಿಲ್ಲ ಸಾರ್. ನಮ್ಮ ಪಕ್ಕದ ಮನೆ ಅಕ್ಕ ಟೈಪಿಂಗ್ ಸೀನಿಯರ್ ಪಾಸು. ಈಗ ಕಾಲರ್ ಹೊಲೀತಾಳೆ. ಬರೀ ಕಾಲರ್. ಪೂರ್ತಿ ಶರ್ಟು ಹೊಲಿಯೋಕೂ ಬಿಡಲ್ಲ."

ನಾವು ಯೋಜನೆ ಹಾಕಿದೆವು. ಅರ್ಜಿ ಕಳಿಸುವುದನ್ನು ನಿಲ್ಲಿಸುವುದು. ಖಾಸಗಿ ಎಂಜಿನಿಯರುಗಳ ಕಚೇರಿಗೆ ನೇರವಾಗಿ ಹೋಗುವುದು, ಕೆಲಸ ಕೇಳದೆ, ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ವಿಚಾರಿಸುವುದು. ಬೆಳಗಿನ ಟೀ ಆದ ಮೇಲೆ, ಊಟಕ್ಕೆ ಮೊದಲು. ಹಸಿದವರು ಯಾರಿಗೂ ಕೆಲಸ ಕೊಡುವುದಿಲ್ಲ. ಹೊರಡುವಾಗ, "ಇನ್ಯಾರನ್ನ ಕಂಡ್ರೆ ಒಳ್ಳೇದು?" ಎಂದು ತಪ್ಪದೆ ಕೇಳುವುದು. ಈ ಮಾತುಗಳನ್ನು ನಾನು ನೂರಾರು ಜನರಿಗೆ ಹೇಳಿದ್ದೆ. ವಿಮಲಾ ಮಾತ್ರ ಮರುದಿನ ಒಂದು ನಕ್ಷೆ ಬರೆದುಕೊಂಡು ಬಂದಳು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಡೆಯಬೇಕು, ಎಲ್ಲಿ ನೆರಳಿದೆ, ಎಲ್ಲಿ ನಾಯಿಯಿದೆ. ಆ ನಾಯಿಯನ್ನೂ ಚೆನ್ನಾಗಿಯೇ ಬಿಡಿಸಿದ್ದಳು. ನೋಡುತ್ತ ಕೂತರೆ ನಾನು ಹುಟ್ಟಿ ಬೆಳೆದ ಊರು ಯಾವುದೋ ದ್ವೀಪದ ಹಾಗೆ ಕಾಣುತ್ತಿತ್ತು.

ಹಲವು ಕಚೇರಿಗಳಾದವು. ಕೆಲವರು ಕೂರಿಸಿ ಮಾತಾಡಿದರು, ಕೆಲವರು ಬಾಗಿಲಲ್ಲೇ ಕಳಿಸಿದರು. ಒಬ್ಬರು ನಕ್ಷೆಗಳನ್ನು ನೋಡಿ ಮೆಚ್ಚಿ, "ಯಾವ ಕಡೆಯವರಮ್ಮ ನೀವು?" ಎಂದು ಕೇಳಿದರಂತೆ. ಆ ಪ್ರಶ್ನೆಯ ಅರ್ಥ ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

"ಏನಂದೆ?" ಎಂದು ಕೇಳಿದೆ.

"ಶ್ರೀರಾಮಪುರದ ಕಡೆ ಅಂದೆ. ಅವರು 'ಅಲ್ಲ, ಮೂಲ?' ಅಂದ್ರು. 'ಮನೇಲಿ ಬುದ್ಧನ ಫೋಟೋ ಇದೆ ಸಾರ್' ಅಂದೆ. ಆಮೇಲೆ ಅವರಿಗೆ ಬೇರೆ ಕೆಲಸ ಜ್ಞಾಪಕ ಬಂತು."

ಕೊನೆಗೆ ಬಸವನಗುಡಿಯಲ್ಲಿ ಅನಂತರಾವ್ ಎಂಬ ಎಂಜಿನಿಯರು ಅವಳ ಗೆರೆ ನೋಡಿ ಮೆಚ್ಚಿಕೊಂಡರು. ಹೊಸ ಬಡಾವಣೆಗಳ ನಕ್ಷೆ ಮಾಡುವವರು ಅವರು. ಯೋಚಿಸಿ ತಿಳಿಸುತ್ತೇನೆ ಎಂದರು. ಸಂಗತಿ ನಂಜುಂಡಯ್ಯನವರ ಕಿವಿಗೆ ಬಿತ್ತು.

"ಅನಂತನಾ? ದಿನಾ ಬಂಡೆ ಮೇಲೆ ಸಿಗ್ತಾನ್ರೀ. ನಾಳೆ ಹೇಳ್ಬಿಡ್ತೀನಿ."

ಹೇಳಿದರು. ಅನಂತರಾಯರು, "ಸೋಮವಾರದಿಂದ ಬರ್ಲಿ" ಎಂದರು. ನಂಜುಂಡಯ್ಯನವರು ಅಂದು ಇಡೀ ಕಚೇರಿಗೆ ಮೈಸೂರುಪಾಕು ತರಿಸಿದರು.

ಸೋಮವಾರ ವಿಮಲಾ ಹೋದಾಗ ಆ ಕಚೇರಿಯ ಗುಮಾಸ್ತ ಅವಳನ್ನು ಒಳಗೆ ಬಿಡಲಿಲ್ಲ. ಜಾಗ ತುಂಬಿದೆ ಎಂದನಂತೆ. ನಂಜುಂಡಯ್ಯನವರು ಬಂಡೆಯ ಮೇಲೆ ವಿಚಾರಿಸಿಕೊಂಡು ಬಂದರು. ಅವರ ಮುಖ ಕಪ್ಪಿಟ್ಟಿತ್ತು. ಆಗಿದ್ದು ಇಷ್ಟು. ವೆಂಕಟಸ್ವಾಮಿಗೆ, ಒಬ್ಬರು ಹೇಳಿದರೆ ಸಾಕೋ ಸಾಲದೋ ಎಂಬ ಆತಂಕ. ಭಾನುವಾರ ಅವರು ತಮ್ಮ ಕಡೆಯ ಮುಖಂಡ ಚಿಕ್ಕಣ್ಣನ ಮನೆಗೆ ಹೋಗಿ, "ನೀವೂ ಒಂದು ಮಾತು ಹೇಳಿಸ್ಬಿಡಿ" ಎಂದು ಕೇಳಿಕೊಂಡಿದ್ದರು. ಚಿಕ್ಕಣ್ಣ ಊರಾಚೆಯ ಹೊಲಗದ್ದೆ ಕೊಂಡು ಸೈಟು ಮಾಡಿ ಮಾರುವವನು. ಅವನು ತಕ್ಷಣ ಫೋನ್ ಮಾಡಿ, "ನಮ್ಮ ಹುಡುಗಿ ಬರ್ತಾಳೆ, ಚೆನ್ನಾಗಿ ನೋಡ್ಕೊಳ್ಳಿ" ಎಂದ. ಎಲ್ಲಿ ಬಡಾವಣೆ ಬರುತ್ತದೆಂಬುದು ಅನಂತರಾಯರ ಮೇಜಿನ ಮೇಲೆ ಎಲ್ಲರಿಗಿಂತ ಮೊದಲು ಮೂಡುವ ಗುಟ್ಟು. ಸೈಟಿನ ವ್ಯಾಪಾರಿಯ 'ನಮ್ಮ ಹುಡುಗಿ'ಯನ್ನು ಅವರು ಆ ಮೇಜಿನ ಹತ್ತಿರ ಬಿಟ್ಟುಕೊಳ್ಳುವುದಾದರೂ ಹೇಗೆ?

"ಅವಳು ಅವನ ಕಡೆಯೋಳಲ್ಲ ಕಣೋ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ ರೀ," ಎಂದರು ನಂಜುಂಡಯ್ಯನವರು. "'ಹಾಗಾದ್ರೆ ಯಾರ ಕಡೆಯೋಳು?' ಅಂದ."

ವೆಂಕಟಸ್ವಾಮಿ ಕಚೇರಿಗೆ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ. "ಕಾರ್ಪೊರೇಷನ್ನು, ಆಸ್ಪತ್ರೆ, ಎಲ್ಲೇ ಹೋಗ್ಲಿ ಸಾರ್, ಒಬ್ಬರಿಗಿಂತ ಇಬ್ಬರು ಹೇಳಿದ್ರೆ ಕೆಲಸ ಆಗುತ್ತೆ. ಇದೊಂದು ಕಡೆ ಹಿಂಗಾಗುತ್ತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ವಿಮಲಾ ಅಪ್ಪನ ಕಡೆ ನೋಡಲಿಲ್ಲ. "ಇರ್ಲಿ ಬಿಡಪ್ಪ. ಇಷ್ಟು ಜನಕ್ಕೆ ನಾನು ಬೇಕಾಗಿದೀನಿ ಅಂತ ಗೊತ್ತಾಯ್ತಲ್ಲ," ಎಂದಳು. ಯಾರೂ ನಗಲಿಲ್ಲ. ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಗಾರ್ಮೆಂಟ್ಸ್‌ನ ಮೇಸ್ತ್ರಿಯೊಬ್ಬ ಅವರ ಮನೆಗೆ ಬಂದು ಮಾತಾಡಿ ಹೋಗಿದ್ದ.

ಆ ಶನಿವಾರ ಅವಳು ಹೊಂಗೆಮರದ ಕೆಳಗೆ ಎದ್ದು ನಿಂತು ತನ್ನ ಸೋಲಿನ ಕಥೆ ಹೇಳಿದಳು. ಹೆಸರು ಎತ್ತದೆ ಹೇಳಿದಳು. "ಯಾರೂ ಹೇಳದೇ ಇದ್ದಿದ್ರೆ ಬಹುಶಃ ಸಿಗ್ತಿತ್ತು. ಒಬ್ಬರು ಹೇಳಿದ್ರು, ಸಿಕ್ತು. ಇನ್ನೊಬ್ಬರೂ ಹೇಳಿದ್ರು, ಹೋಯ್ತು."

ಲೋಕೇಶ ಎಂಬ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಜೊತೆಯಲ್ಲೇ ಓದಿದವನು, ಅದೇ ಕೆಲಸ ಹುಡುಕುತ್ತಿದ್ದವನು. ನಕ್ಕು ಸುಸ್ತಾದ ಮೇಲೆ, "ಲೇ ವಿಮಲಾ, ಮಲ್ಲೇಶ್ವರದಲ್ಲಿ ಒಂದು ಕಡೆ ನನ್ನನ್ನ ಬೇಡ ಅಂದ್ರು, ಕೇಳು. ಸ್ಕೂಲ್ ಪುಸ್ತಕಕ್ಕೆ ಮ್ಯಾಪ್ ಬರೆಯೋರು. ಗೆರೆ ಪರವಾಗಿಲ್ಲ ಅಂದ್ರು. ನದಿ ಹೆಸರು, ಊರ ಹೆಸರು ಎಲ್ಲಾ ಕನ್ನಡದಲ್ಲಿ ಕೈಯಲ್ಲೇ ಬರೀಬೇಕು. ನನ್ನ ಅಕ್ಷರ ನೋಡಿ ಆ ಮುದುಕ ಏನಂದ ಗೊತ್ತಾ? 'ಏನಪ್ಪಾ, ತುಂಗಭದ್ರಾಗೆ ಜ್ವರ ಬಂದ ಹಾಗಿದೆ' ಅಂದ," ಎಂದ.

"ನಿನ್ನ ಅಕ್ಷರಕ್ಕೆ ಅದೇ ಜಾಸ್ತಿ," ಎಂದಳು ವಿಮಲಾ. ಆದರೆ ಅವಳು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

ಆಮೇಲಿನದು ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವ ಗಳಿಗೆ. ಆದ್ದರಿಂದಲೇ ಅದರ ಮೇಲೆ ಅನುಮಾನವೂ ಹೆಚ್ಚು. ವಿಳಾಸ ಕೇಳಿಕೊಂಡು ಅವಳು ಒಳಗೆ ಬಂದಾಗ ನಂಜುಂಡಯ್ಯನವರು ಮಲ್ಲೇಶ್ವರದ ಆ ಮುದುಕರ ಹೆಸರು ಕೇಳಿದರು. ಸೀತಾರಾಮಯ್ಯ ಎಂದಳು.

"ನಮ್ಮ ಸೀತಾರಾಮ! ಹೈಸ್ಕೂಲಲ್ಲಿ ಒಂದೇ ಬೆಂಚು ಕಣಮ್ಮ!" ಅವರ ಕೈ ಆಗಲೇ ಫೋನಿನ ಮೇಲಿತ್ತು. ಹೋದ ಸಲದ ಅವಮಾನ ತೊಳೆದುಕೊಳ್ಳುವ ಸಂತೋಷ ಅವರ ಕಣ್ಣಲ್ಲಿ ಹೊಳೆಯುತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ಅವರು ನನ್ನ ಮೇಲಧಿಕಾರಿ.

"ಬೇಡ ಸಾರ್," ಎಂದಳು ವಿಮಲಾ.

"ಒಂದೇ ಒಂದು ಮಾತಮ್ಮ. ಈ ಸಲ ನಾನೊಬ್ಬನೇ."

"ನೀವು ಹೇಳಿದ್ರೆ ಅವರು ಇಲ್ಲ ಅನ್ನಲ್ಲ ಸಾರ್, ಗೊತ್ತು. ಆದ್ರೆ ನಾಳೆ ನಿಮ್ಮಿಬ್ಬರಿಗೂ ಮನಸ್ತಾಪ ಬಂದ್ರೆ ನನ್ನ ಕೆಲಸ ಏನಾಗ್ಬೇಕು? ದಯವಿಟ್ಟು ಬೇಡ. ನಮ್ಮಪ್ಪಂಗೂ ಹೇಳ್ಬೇಡಿ."

ನಂಜುಂಡಯ್ಯನವರ ಕೈ ಫೋನಿನ ಮೇಲೇ ಸ್ವಲ್ಪ ಹೊತ್ತು ಇತ್ತು. ಹೊರಗೆ ಯಾವುದೋ ಮದುವೆಯ ವಾಲಗ ಹೋಗುತ್ತಿತ್ತು. ಅಥವಾ ಆ ವಾಲಗವನ್ನು ನಾನು ಆಮೇಲೆ ಸೇರಿಸಿಕೊಂಡೆನೋ. ಕೊನೆಗೆ ಅವರು ಕೈ ತೆಗೆದರು. ಅಷ್ಟು ಜನರಿಗೆ ಅನ್ನದ ದಾರಿ ಮಾಡಿದ ಮನುಷ್ಯ, ಒಂದು ಮಾತನ್ನು ನುಂಗಿಕೊಂಡು, "ಹೋಗಿ ಬಾ ತಾಯಿ" ಎಂದರು. ಅವರು ಮಾಡಿದ ಶಿಫಾರಸುಗಳಲ್ಲೆಲ್ಲ ಅದು ದೊಡ್ಡದು ಎಂದು ನನಗೆ ಅನಿಸಿತ್ತು.

ಮಲ್ಲೇಶ್ವರದಲ್ಲಿ ನಡೆದದ್ದನ್ನು ವಿಮಲಾಳೇ ಬಂದು ಹೇಳಿದಳು. ಸೀತಾರಾಮಯ್ಯನವರು ಕನ್ನಡಕದ ಮೇಲಿಂದ ನೋಡಿ, "ಯಾರು ಕಳಿಸಿದ್ರು?" ಎಂದರಂತೆ.

"ನೀವು ಬೇಡ ಅಂದಿರಲ್ಲ ಸಾರ್, ಆ ಹುಡುಗ."

"ತುಂಗಭದ್ರಾ ಜ್ವರದವನಾ? ನನ್ನನ್ನ ಬೈದಿರ್ಬೇಕಲ್ಲ."

"ಬೈದ ಸಾರ್. ಆದ್ರೆ ಕೆಲಸ ಒಳ್ಳೇದು ಅಂದ."

ಅವರು ಒಂದು ಹಾಳೆ ಕೊಟ್ಟು ಕಾವೇರಿಯನ್ನು ಬರೆಯಲು ಹೇಳಿದರು. ತಲಕಾವೇರಿಯಿಂದ ಶುರುಮಾಡಿ ಶ್ರೀರಂಗಪಟ್ಟಣ ದಾಟುವವರೆಗೆ ಅವಳ ಗೆರೆ ಎಲ್ಲೂ ಮುರಿಯಲಿಲ್ಲ. ಅಲ್ಲಿ, ಹೆಸರು ಬರೆಯುವಾಗ, ಪೆನ್ನಿನಿಂದ ಒಂದು ಹನಿ ಇಂಕು ನದಿಯ ಮೇಲೆ ಬಿತ್ತು. ಎದ್ದು ಹೋಗಿಬಿಡೋಣ ಅನಿಸಿತಂತೆ. ಏಳಲಿಲ್ಲ. ಒಣಗುವವರೆಗೆ ಕಾದು, ಬ್ಲೇಡು ಕೇಳಿ ಇಸಕೊಂಡು, ಹಾಳೆ ಹರಿಯದ ಹಾಗೆ ಮೆಲ್ಲಗೆ ಕೆರೆದು, ಉಗುರಿನಿಂದ ಉಜ್ಜಿ ನಯಮಾಡಿ, ಮತ್ತೆ ನದಿಯನ್ನು ಹರಿಸಿದಳು.

ಸೀತಾರಾಮಯ್ಯನವರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಂಕು ಎಲ್ಲರ ಕೈಯಲ್ಲೂ ಬೀಳುತ್ತಮ್ಮ. ಕೆರೆಯೋಕೆ ಬರೋರು ಸಿಗಲ್ಲ," ಎಂದರು.

ಅದನ್ನು ಹೇಳುವಾಗ ಅವಳು ಅಳುತ್ತಿದ್ದಳು ಎಂದು ನನ್ನ ನೆನಪು. ಲೋಕೇಶನನ್ನು ಬಹಳ ವರ್ಷಗಳ ಮೇಲೆ ಗಾಂಧಿನಗರದಲ್ಲಿ ಕಂಡಾಗ ಹೀಗೆಂದು ಹೇಳಿದೆ. ಅವನು ಒಪ್ಪಲಿಲ್ಲ. "ಅಳೋದಾ? ಅವಳಾ? ನನ್ನ ಹತ್ರ ಮಸಾಲೆ ದೋಸೆ ಕೊಡಿಸ್ಕೊಂಡ್ಲು ಸಾರ್, ಜಾಗ ಬಿಟ್ಟುಕೊಟ್ಟಿದ್ದಲ್ಲದೆ!" ಎಂದ. ಶನಿವಾರದ ಕೂಟದಲ್ಲಿ ತಾನು ಆ ಮಾತು ಹೇಳಿಯೇ ಇಲ್ಲ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದು ಎಂದೂ ಅಂದ. ಹಾಗಿದ್ದರೆ ಹೊಂಗೆಮರದ ಕೆಳಗೆ ಹೊಟ್ಟೆ ಹಿಡಿದು ನಕ್ಕವರು ಯಾರು? ನನ್ನ ಕೂಟದ ಹಿರಿಮೆಗೆ ನಾನೇ ಆ ನಗುವನ್ನು ಅಲ್ಲಿ ತಂದು ಕೂರಿಸಿದೆನೇ? ಗೊತ್ತಿಲ್ಲ. ಇದನ್ನು ಓದುವ ಹೊಸಬರು ನನ್ನ ಪಾಲನ್ನು ಸ್ವಲ್ಪ ಕಡಿಮೆ ಮಾಡಿಯೇ ಓದಿಕೊಳ್ಳಲಿ. ಒಬ್ಬರಿಗೆ ಕೆಲಸ ಸಿಕ್ಕರೆ ಸಿಗುವಂತೆ ಮಾಡಿದವರು ಹತ್ತು ಜನ ಹುಟ್ಟಿಕೊಳ್ಳುತ್ತಾರೆ. ಚಿಕ್ಕಣ್ಣ ಕೂಡ ತಾನು ಫೋನು ಮಾಡಿದ್ದರಿಂದಲೇ ಆ ಹುಡುಗಿ ದಡ ಸೇರಿದಳು ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ.

ಸ್ಕೂಲು ಶುರುವಾದ ವಾರ ನಾನು ಮಲ್ಲೇಶ್ವರಕ್ಕೆ ಹೋದೆ. ಕಾರಣವೇನೂ ಇರಲಿಲ್ಲ, ಏನೋ ಒಂದು ನೆಪ ಮಾಡಿಕೊಂಡಿದ್ದೆ. ಬೆಳಗಿನ ಹೊತ್ತು, ಮೋಡ ಕವಿದು ಬೀದಿಯೆಲ್ಲ ಇನ್ನೂ ಅರೆನಿದ್ದೆಯಲ್ಲಿತ್ತು. ಹೊಸ ಯೂನಿಫಾರ್ಮಿನ ಮಕ್ಕಳು ಗುಂಪುಗುಂಪಾಗಿ ನನ್ನನ್ನು ದಾಟಿ ಹೋದವು. ಸಂಪಿಗೆಯ ವಾಸನೆ ಎಲ್ಲಿಂದಲೋ ಬಂದು, ನಾಲ್ಕು ಹೆಜ್ಜೆ ಜೊತೆಗೆ ನಡೆದು, ಇಲ್ಲವಾಯಿತು. ಅಡ್ಡರಸ್ತೆಯೊಂದರ ಹೆಂಚಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಓರೆಯಾಗಿ ನಿಲ್ಲಿಸಿದ ದೊಡ್ಡ ಹಲಗೆ, ಅದರ ಮೇಲೆ ಬಾಗಿದ ವಿಮಲಾಳ ಬೆನ್ನು. ಜಡೆಯನ್ನು ಗಂಟು ಹಾಕಿ ಮೇಲೆ ಕಟ್ಟಿದ್ದಳು, ಇಂಕಿಗೆ ತಾಗದಿರಲೆಂದು. ಅವಳ ಕೈ ಒಂದು ಕಡಲ ತೀರದ ಗುಂಟ ಬಹಳ ನಿಧಾನವಾಗಿ ಇಳಿಯುತ್ತಿತ್ತು. ಒಮ್ಮೆ ನಿಂತಿತು. ಮತ್ತೆ ಹೊರಟಿತು.

ಅವಳನ್ನು ಕರೆಯಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಅವಳು ಕೆಲಸದಲ್ಲಿದ್ದಳು.